ಅರಮನೆಗೆ ಮಂಗಳವಾರ ರಜೆ

೨೦೦೬ರ ಮೇ ತಿಂಗಳಲ್ಲಿ ಪ್ರತಿ ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಮಸ್ಕತ್ತಿನ ರುವಿಯ ಒಂದು ಫ್ಲ್ಯಾಟಿನ ಹಾಲಿನಲ್ಲಿ ನಾವು ಹದಿನೆಂಟು ಜನ ಸೇರುತ್ತಿದ್ದೆವು. ಕುರ್ಚಿ ಸಾಲದೆ ಅರ್ಧ ಜನ ನೆಲದ ಮೇಲೆ ಕೂರುತ್ತಿದ್ದರು. ಗೋಡೆಯ ಮೇಲೊಂದು ನಕ್ಷೆ. ಅದರ ಮೇಲೆ ಗುಂಡುಪಿನ್ನುಗಳಿಗೆ ಸುತ್ತಿದ ಕೆಂಪು ದಾರ ಶ್ರೀರಂಗಪಟ್ಟಣದಿಂದ ಹೊರಟು, ಉತ್ತರ ಕನ್ನಡದ ತದಡಿಯಲ್ಲಿ ಸಮುದ್ರಕ್ಕಿಳಿದು, ಮಸ್ಕತ್, ಬಸ್ರಾ, ಬಾಗ್ದಾದ್ ಹಾಯ್ದು ಇಸ್ತಾಂಬುಲ್ ಮುಟ್ಟುತ್ತಿತ್ತು. ಟಿಪ್ಪು ಸುಲ್ತಾನ ತುರ್ಕಿಯ ಸುಲ್ತಾನನ ಬಳಿಗೆ ಕಳಿಸಿದ ನಿಯೋಗದ ದಾರಿ ಅದು.

ದಾರ ಕಟ್ಟಿದವರು ಒಂದು ಭಾರತೀಯ ಶಾಲೆಯ ಇತಿಹಾಸದ ಟೀಚರ್. ಮೈಸೂರಿನವರು. ಪಠ್ಯಪುಸ್ತಕದಲ್ಲಿ ಎರಡೇ ಸಾಲಿನಲ್ಲಿ ಮುಗಿಯುವ ಈ ಪ್ರಯಾಣವನ್ನು ಇಪ್ಪತ್ತು ವರ್ಷ ಕಲಿಸಿದ್ದರು. ಆ ಬೇಸಿಗೆಗೆ ಅವರ ನಿವೃತ್ತಿ. ಗಂಡನ ಕರಾರೂ ಮುಗಿದಿತ್ತು. ರಜೆ ಕಳೆಯುವುದರೊಳಗೆ ವೀಸಾ ರದ್ದಾಗಿ ಊರಿಗೆ ಹೊರಡಬೇಕು. ಅದಕ್ಕೆ ಮುನ್ನ ತುರ್ಕಿಗೆ ಒಂದು ತಂಡ ಕರೆದೊಯ್ದು, ಇಸ್ತಾಂಬುಲಿನ ತೋಪ್ಕಪಿ ಅರಮನೆಯ ಅಹವಾಲು ಕೋಣೆಯ ಬಾಗಿಲಲ್ಲಿ ನಿಂತು ಆ ನಿಯೋಗದ ಕತೆಯನ್ನು ಮುಗಿಸಬೇಕು ಎಂಬುದು ಅವರ ಆಸೆ. ಮಂಡಿ ಎರಡೂ ಸವೆದಿದ್ದವು. ಇನ್ನೊಂದು ಸಲ ಎಂಬುದು ಇಲ್ಲ ಎಂದು ಅವರಿಗೂ ಗೊತ್ತಿತ್ತು, ನಮಗೂ.

"ಅದೇ ಕೋಣೆಗೇ ನಮ್ಮೋರು ಹೋಗಿದ್ರು ಅಂತ ನಾನು ಪ್ರಮಾಣ ಮಾಡಲ್ಲ ಕಣ್ರೀ," ಎಂದು ಮೊದಲ ದಿನವೇ ನನಗೆ ಹೇಳಿದರು. "ಹೊರದೇಶದ ರಾಯಭಾರಿಗಳನ್ನ ಸಾಮಾನ್ಯವಾಗಿ ಬರಮಾಡಿಕೊಳ್ತಿದ್ದ ಕೋಣೆ ಅದು. ಹಾಗೇ ಬರೀರಿ. ಸಾಮಾನ್ಯವಾಗಿ ಅನ್ನೋದನ್ನ ಬಿಡಬೇಡಿ."

ಬಿಡಲಿಲ್ಲ. ನಾನು ಮಸ್ಕತ್ತಿನ ಒಂದು ಇಂಗ್ಲಿಷ್ ದಿನಪತ್ರಿಕೆಯ ಉಪಸಂಪಾದಕ. ವಾರಾಂತ್ಯದ ಪುರವಣಿಗೆ ಎರಡು ಪುಟದ ಪ್ರವಾಸ ಲೇಖನ ಬೇಕೆಂದು ಸಂಪಾದಕರು ನನ್ನನ್ನು ತಂಡಕ್ಕೆ ಸೇರಿಸಿದ್ದರು. ಟೀಚರ್ ಅಷ್ಟಕ್ಕೇ ಬಿಡದೆ, ತಂಡದ ಇಂಗ್ಲಿಷ್ ಕೈಪಿಡಿಯನ್ನು ತಿದ್ದಿ ಅಚ್ಚಿಗೆ ಸಿದ್ಧಮಾಡುವ ಕೆಲಸವನ್ನೂ ನನಗೆ ಕೊಟ್ಟರು. "ಪೇಪರಿನವರೇ, ಹೆಸರು, ತಾರೀಖು, ವಾರ. ಮೂರೂ ನಿಮ್ಮ ಜವಾಬ್ದಾರಿ."

ಅವರ ತಂಡಕ್ಕೆ ಒಂದು ನಿಯಮವಿತ್ತು. ಸುಮ್ಮನೆ ನೋಡಲು ಬರುವಂತಿಲ್ಲ. ದಾರದ ಮೇಲಿನ ಒಂದೊಂದು ತುಂಡನ್ನು ಒಬ್ಬೊಬ್ಬರಿಗೆ ಹಂಚಿದ್ದರು. ತುರ್ಕಿಯಲ್ಲಿ ಬಸ್ಸು ಊರಿಂದೂರಿಗೆ ಓಡುವಾಗ ಅವರವರು ತಮ್ಮ ತುಂಡನ್ನು ಹೇಳಬೇಕು. ಲೆಕ್ಕಪತ್ರದವರಿಗೆ ತದಡಿಯ ಬಂದರು, ಬ್ಯಾಂಕಿನವರ ಹೆಂಡತಿಗೆ ಬಸ್ರಾ, ರುಸೈಲಿನ ಕಾರ್ಖಾನೆಯೊಂದರ ಪ್ಯಾಕಿಂಗ್ ಸೂಪರ್‌ವೈಸರಿಗೆ ಬಾಗ್ದಾದ್. ಕೊನೆಯ ತುಂಡು, ಅಂದರೆ ಅರಮನೆ, ಟೀಚರದು. ನಾನು ವರದಿಗಾರನೆಂದು ನನಗೆ ಯಾವ ತುಂಡನ್ನೂ ಕೊಡಲಿಲ್ಲ.

ಒಂದು ಶುಕ್ರವಾರ ಪಾಠ ಮತ್ರಾಹ್ ಬಂದರಿನಲ್ಲಿ ನಡೆಯಿತು. ಬಿಸಿಲೇರುವ ಮುಂಚೆ, ಆರು ಗಂಟೆಗೇ ಎಲ್ಲರನ್ನೂ ಕಡಲ ದಂಡೆಯ ಕಟ್ಟೆಯ ಮೇಲೆ ಕೂರಿಸಿದರು. ಹಾಯಿಹಡಗುಗಳು ಈ ಕರಾವಳಿಗೆ ಬಂದು ತಿಂಗಳುಗಟ್ಟಲೆ ನಿಂತಿದ್ದವು ಎಂದರು. ಗಂಧದ ಮರ, ಮೆಣಸು, ಏಲಕ್ಕಿ ಇಳಿದವು. ಸುಲ್ತಾನನಿಗೆ ಉಡುಗೊರೆಯೆಂದು ಆನೆಗಳೂ ಹೊರಟಿದ್ದವು, ಒಂದೂ ಗುರಿ ಮುಟ್ಟಲಿಲ್ಲ. ಹೋದ ನೂರಾರು ಜನರಲ್ಲಿ ತಿರುಗಿ ಬಂದವರು ಕೆಲವರೇ.

"ಮೇಡಂ, ಆನೆಗೆ ಇಲ್ಲಿ ಕಫೀಲ್ ಯಾರು ಮಾರಾಯ್ರೆ?" ಎಂದರು ರುಸೈಲಿನವರು. ಮಂಗಳೂರಿನ ಕೊಂಕಣಿ ಮಾತಾಡುವ ಕ್ರೈಸ್ತರು, ನಗಿಸದೆ ಹತ್ತು ನಿಮಿಷ ಕೂರಲಾರದ ಜೀವ.

"ಸುಲ್ತಾನರೇ ಕಫೀಲ್ ಕಣ್ರೀ."

"ಹಾಗಾದ್ರೆ ಎನ್‌ಒಸಿ ಬೇಗ ಸಿಕ್ಕಿರ್ಬೇಕು. ನನ್ನದಿನ್ನೂ ಆಗ್ಲಿಲ್ಲ."

ಅದು ತಮಾಷೆಯಾಗಿ ಹೇಳಿದ್ದಾದರೂ ನಿಜವಾದ ತೊಡಕು. ತುರ್ಕಿ ವೀಸಾ ಅರ್ಜಿಯ ಜೊತೆ ಕಫೀಲ್, ಅಂದರೆ ನಮ್ಮನ್ನು ಕರೆಸಿಕೊಂಡ ಮಾಲೀಕರ ಒಪ್ಪಿಗೆ ಪತ್ರ, ಪಾಸ್‌ಪೋರ್ಟು ಎರಡೂ ಬೇಕು. ಅವರ ಪಾಸ್‌ಪೋರ್ಟು ಎಲ್ಲ ಕೆಲಸಗಾರರಂತೆ ಕಂಪನಿಯ ಬೀರುವಿನಲ್ಲಿತ್ತು. ಬೀರುವಿನ ಕೀಲಿ ಸರ್ಕಾರಿ ಕಚೇರಿಗಳ ಕೆಲಸ ನೋಡಿಕೊಳ್ಳುವ ಪಿಆರ್‌ಓ ಜೇಬಿನಲ್ಲಿ. ಪಿಆರ್‌ಓ ತಂಗಿಯ ಮದುವೆಗೆಂದು ಇಬ್ರಿ ಎಂಬ ಊರಿಗೆ ಹೋಗಿದ್ದ. ಫೋನು ಮಾಡಿದರೆ "ಬುಕ್ರಾ, ಇನ್‌ಶಾ ಅಲ್ಲಾ." ನಾಳೆ, ದೇವರಿಚ್ಛೆ ಇದ್ದರೆ. ಅರ್ಜಿ ಹಾಕಲು ಉಳಿದಿದ್ದದ್ದು ಮೂರು ದಿನ.

ಟೀಚರ್ ಶಾಲೆ ಮುಗಿಸಿ ಟ್ಯಾಕ್ಸಿ ಹಿಡಿದು ರುಸೈಲಿಗೆ ಹೋದರು. ಕಾರ್ಖಾನೆಯ ಸ್ವಾಗತ ಕೋಣೆಯಲ್ಲಿ ಕೂತು, ಜೊತೆಗೆ ಒಯ್ದಿದ್ದ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿ ತಿದ್ದತೊಡಗಿದರು. ಸಂಜೆಯಾದರೂ ಪಿಆರ್‌ಓ ಬರಲಿಲ್ಲ. ಮರುದಿನ ಇನ್ನೊಂದು ಕಟ್ಟಿನೊಂದಿಗೆ ಅದೇ ಕುರ್ಚಿ. ಅಂದು ನಾನೂ ಜೊತೆಗಿದ್ದೆ. ನಾಲ್ಕೂವರೆಗೆ ಬಿಳಿ ದಿಶ್‌ದಾಶ ನಿಲುವಂಗಿಯಲ್ಲಿ, ಕೈಯಲ್ಲಿನ್ನೂ ಮದುವೆಯ ಗೋರಂಟಿಯ ಕಲೆಯಿದ್ದ ಪಿಆರ್‌ಓ ಬಂದ. ನೀವು ಅವರಿಗೆ ಏನಾಗಬೇಕು ಎಂದು ಹಿಂದಿಯಲ್ಲಿ ಕೇಳಿದ.

"ಅವರಿಗೆ ಬಾಗ್ದಾದ್ ಕೊಟ್ಟಿದ್ದೀನಿ," ಎಂದರು ಟೀಚರ್.

ಆತ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಆ ವರ್ಷ ಬಾಗ್ದಾದಿನ ಹೆಸರನ್ನು ಯಾರೂ ಹಗುರವಾಗಿ ಎತ್ತುತ್ತಿರಲಿಲ್ಲ. ಟೀಚರ್ ಚೀಲದಿಂದ ನಕ್ಷೆ ತೆಗೆದು ಹರಡಿ, ಮಸ್ಕತ್ ಬಂದರಿನಿಂದ ಶುರುಮಾಡಿ ಕಾಲು ಗಂಟೆ ವಿವರಿಸಿದರು. ಆತ ಕಡೆಗೆ ಕೇಳಿದ್ದು ಒಂದೇ ಪ್ರಶ್ನೆ, ಆನೆಗಳು ಈ ಬಂದರಿನಲ್ಲಿ ಇಳಿದವಾ ಎಂದು. ತನಗೆ ಗೊತ್ತಿಲ್ಲ, ದಾಖಲೆ ನೋಡಿ ಹೇಳುವೆ ಎಂದರು ಟೀಚರ್. ಒಪ್ಪಿಗೆ ಪತ್ರವೂ ಪಾಸ್‌ಪೋರ್ಟೂ ಕೈಗೆ ಬಂದವು. ಹೀಗೆ ಗೊತ್ತಿಲ್ಲ ಎನ್ನಬಲ್ಲವರನ್ನು ನನ್ನ ಕೆಲಸದಲ್ಲಿ ನಾನು ಹೆಚ್ಚು ಕಂಡಿಲ್ಲ.

ತಪ್ಪು ನಡೆದದ್ದು ಆ ವಾರವೇ, ನನ್ನ ಮೇಜಿನ ಮೇಲೆ.

ಟೀಚರ್ ಹಾಕಿದ್ದ ವೇಳಾಪಟ್ಟಿ ಹೀಗಿತ್ತು. ಸೋಮವಾರ ಸಂಜೆ ಇಸ್ತಾಂಬುಲ್ ತಲುಪುವುದು. ಮಂಗಳವಾರ ಹಾಗಿಯಾ ಸೋಫಿಯಾ, ನೀಲಿ ಮಸೀದಿ, ಛಾವಣಿ ಹೊದಿಸಿದ ಹಳೆಯ ಬಜಾರು. ಬುಧವಾರದಿಂದ ಬಸ್ಸಿನಲ್ಲಿ ಕಪ್ಪದೋಕ್ಯ, ಕೋನ್ಯಾ, ಎಫೆಸಸ್. ಭಾನುವಾರ ಇಜ್ಮಿರಿನಿಂದ ಬೆಳಗಿನ ವಿಮಾನದಲ್ಲಿ ಇಸ್ತಾಂಬುಲಿಗೆ ಮರಳಿ, ಅರಮನೆ ನೋಡಿ, ಸಂಜೆ ಮಸ್ಕತ್ತಿನ ವಿಮಾನ ಹತ್ತುವುದು. ಕತೆಯ ಕೊನೆ ಪ್ರವಾಸದ ಕೊನೆಗೇ ಬರಬೇಕೆಂಬುದು ಅವರ ಲೆಕ್ಕ.

ರಜಾದಿನಗಳನ್ನು ಪರೀಕ್ಷಿಸಲು ನಾನು ಇಸ್ತಾಂಬುಲಿನ ಏಜೆಂಟರಿಂದ ಪಟ್ಟಿ ತರಿಸಿದೆ. ಫ್ಯಾಕ್ಸಿನಲ್ಲಿ ಬಂತು. ಎಡಕ್ಕೆ ಜಾಗಗಳ ಹೆಸರು, ಬಲಕ್ಕೆ ಏಳು ಮನೆ, ಮುಚ್ಚಿರುವ ದಿನಕ್ಕೆ ಕಾಟು. ವಾರಗಳ ಹೆಸರಿದ್ದ ಮೇಲಿನ ಸಾಲು ಯಂತ್ರದಲ್ಲಿ ಕತ್ತರಿಸಿಹೋಗಿತ್ತು. ಅರಮನೆಗೆ ಎರಡನೆಯ ಮನೆಯಲ್ಲಿ ಕಾಟು, ಬಜಾರಿಗೆ ಏಳನೆಯದರಲ್ಲಿ.

ಒಮಾನಿನಲ್ಲಿ ಆಗ ವಾರ ಶುರುವಾಗುವುದು ಶನಿವಾರ. ನಮ್ಮ ಕಚೇರಿಯ ಕ್ಯಾಲೆಂಡರು, ಡ್ಯೂಟಿ ಪಟ್ಟಿ, ಹೆಂಡತಿ ಫ್ರಿಜ್ಜಿನ ಮೇಲೆ ಅಂಟಿಸಿದ ಹಾಲಿನ ಲೆಕ್ಕ ಎಲ್ಲದರಲ್ಲೂ ಮೊದಲ ಮನೆ ಶನಿವಾರ, ಕೊನೆಯದು ಶುಕ್ರವಾರ. ಒಂಬತ್ತು ವರ್ಷದಿಂದ ನಾನು ವಾರವನ್ನು ಬೇರೆ ಬಗೆಯಲ್ಲಿ ಕಂಡಿರಲಿಲ್ಲ. ಆ ಲೆಕ್ಕದಲ್ಲಿ ಎರಡನೆಯ ಮನೆ ಭಾನುವಾರ. ಏಳನೆಯದು ಶುಕ್ರವಾರ. ಬಜಾರಿಗೆ ಶುಕ್ರವಾರ ರಜೆ ಎಂದು ಬಂದದ್ದೇ ನನ್ನ ಅನುಮಾನವನ್ನೆಲ್ಲ ಕಳೆಯಿತು. ಮತ್ರಾಹ್ ಸಂತೆಯೂ ಶುಕ್ರವಾರ ಬೆಳಗ್ಗೆ ಮುಚ್ಚಿರುತ್ತದೆ. ಮುಸ್ಲಿಂ ದೇಶದ ಬಜಾರು ಇನ್ಯಾವತ್ತು ಮುಚ್ಚೀತು ಎಂದುಕೊಂಡೆ. ಎರಡು ಸಲ ಪರಿಶೀಲಿಸಿದೆ. ಎರಡು ಸಲವೂ ಅದೇ ಕ್ಯಾಲೆಂಡರನ್ನೇ ಪಕ್ಕಕ್ಕಿಟ್ಟುಕೊಂಡಿದ್ದೆ.

ಅರಮನೆಗೆ ಭಾನುವಾರ ರಜೆ ಎಂದು ಟೀಚರಿಗೆ ಫೋನು ಮಾಡಿದೆ. ಅರಮನೆಯನ್ನು ಮೊದಲ ಮಂಗಳವಾರಕ್ಕೂ ಬಜಾರನ್ನು ಕೊನೆಯ ಭಾನುವಾರಕ್ಕೂ ಬದಲಿಸಿದರೆ ಸರಿಹೋಗುತ್ತದೆ ಎಂದೆ.

"ಕತೆಯ ಕೊನೆಯನ್ನ ಮೊದಲೇ ಹೇಳಿಬಿಡಬೇಕಾ?" ಎಂದರು. ಬಳಿಕ ತಾವೇ, "ಮುಚ್ಚಿದ ಬಾಗಿಲ ಮುಂದೆ ಕತೆ ಹೇಳೋಕಾಗಲ್ಲ ಬಿಡಿ. ಬದಲಾಯಿಸಿ," ಎಂದರು.

ಬದಲಾಯಿಸಿದೆ. ಬಜಾರಿಗೆ ಎರಡು ಗಂಟೆ ಸಾಕಲ್ಲವೇ ಎಂದು ಇಜ್ಮಿರಿನ ಬೆಳಗಿನ ವಿಮಾನ ಬಿಡಿಸಿ ಮಧ್ಯಾಹ್ನದ್ದಕ್ಕೆ ಟಿಕೆಟ್ ಹಾಕಿಸಿದೆ. ಕೈಪಿಡಿ ಅಚ್ಚಾಯಿತು. ಮಸ್ಕತ್ತಿನ ಪರಿಚಯದವರೆಲ್ಲ ತುಂತುರು ಮಳೆ ಹುಡುಕಿ ಸಲಾಲಾಕ್ಕೆ ಹೊರಡುವ ಜೂನ್ ಕೊನೆಯ ವಾರ, ನಾವು ಸೀಬ್ ಏರ್‌ಪೋರ್ಟಿನಲ್ಲಿ ಕೂಡಿದೆವು. ರುಸೈಲಿನವರ ಹೆಗಲಲ್ಲಿ ಮಡಚುವ ಸ್ಟೂಲೊಂದಿತ್ತು. ಟೀಚರಿಗೆ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾಗುತ್ತಿರಲಿಲ್ಲ. ಪ್ರವಾಸದುದ್ದಕ್ಕೂ ಅದನ್ನು ಹೊರುವ ಕೆಲಸವನ್ನು ಅವರೇ ಕೇಳಿ ಪಡೆದಿದ್ದರು. "ಬಾಗ್ದಾದ್ ಕೊಟ್ಟದ್ದಕ್ಕೆ ಇಷ್ಟಾದ್ರೂ ಬೇಡ್ವಾ."

ಮಂಗಳವಾರ ಬೆಳಗ್ಗೆ ಹೋಟೆಲಿನ ಮುಂದೆ ಬಸ್ಸು ಹತ್ತಿದೆವು. ನಮ್ಮ ತುರ್ಕಿ ಗೈಡ್ ಐವತ್ತು ದಾಟಿದ ತೆಳ್ಳನೆಯ ಮನುಷ್ಯ, ಕೊರಳಲ್ಲಿ ಸರ್ಕಾರಿ ಪರವಾನಗಿಯ ಬ್ಯಾಡ್ಜು. ಕೈಪಿಡಿಯ ಹನ್ನೊಂದನೆಯ ಪುಟ ತೆರೆದು ನೋಡಿ ಇಂಗ್ಲಿಷಿನಲ್ಲಿ ಶಾಂತವಾಗಿ ಕೇಳಿದರು: "ಇದನ್ನು ಯಾರು ಬರೆದದ್ದು? ಅರಮನೆಗೆ ರಜೆ ಇರುವುದೇ ಮಂಗಳವಾರ."

ಏಜೆಂಟರ ಮೂಲ ಪಟ್ಟಿ ಅವರ ಕಡತದಲ್ಲಿತ್ತು. ತೆಗೆದು ತೋರಿಸಿದರು. ತುರ್ಕಿಯಲ್ಲಿ ವಾರ ಶುರುವಾಗುವುದು ಸೋಮವಾರ. ಎರಡನೆಯ ಮನೆ ಮಂಗಳವಾರ. ಏಳನೆಯದು ಭಾನುವಾರ. ಟೀಚರ್ ಮೊದಲು ಹಾಕಿದ ವೇಳಾಪಟ್ಟಿಯಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಸರಿಯಿದ್ದುದನ್ನು ತಿದ್ದಿ ಕೆಡಿಸಿದವನು ನಾನು. ಕೊನೆಯ ದಿನಕ್ಕೆ ಇಟ್ಟ ಬಜಾರೂ ಅಂದು ಮುಚ್ಚಿರುತ್ತಿತ್ತು.

ಮುಂದಿನ ಸೀಟಿನಲ್ಲಿ ನಾವು ನಾಲ್ವರಿದ್ದೆವು: ಗೈಡ್, ಟೀಚರ್, ನಾನು, ಸ್ಟೂಲು ಹಿಡಿದ ರುಸೈಲಿನವರು. ಹಿಂದಿನವರಿಗೆ ಇನ್ನೂ ಗೊತ್ತಾಗಿರಲಿಲ್ಲ.

"ಒಳಗೆ ರಿಪೇರಿ ಉಂಟು ಅಂತ ಹೇಳಿ ಬಿಡಿ ಮಾರಾಯ್ರೆ," ಎಂದು ರುಸೈಲಿನವರು ನನ್ನ ಕಿವಿಯಲ್ಲಿ ಅಂದರು. "ಯಾರು ಹೋಗಿ ನೋಡ್ತಾರೆ?"

ಅವರ ಸಲಹೆಯಲ್ಲಿ ಕರುಣೆಯಿತ್ತು. ಸುಲಭವೂ ಆಗಿತ್ತು. ಆದರೆ ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ಅದೇ ಪುಟದಲ್ಲಿ ತಿದ್ದುಪಡಿ ಹಾಕುತ್ತೇವೆ. ಕೈಪಿಡಿಯೂ ನಾನು ಅಚ್ಚಿಗೆ ಕೊಟ್ಟ ಪುಟವೇ. ನೋಟ್‌ಬುಕ್ಕಿನ ಹಾಳೆ ಹರಿದು ಬರೆದೆ: "ತಿದ್ದುಪಡಿ. ಕೈಪಿಡಿಯ ಹನ್ನೊಂದನೆಯ ಪುಟದಲ್ಲಿ ಅರಮನೆಗೆ ಭಾನುವಾರ, ಬಜಾರಿಗೆ ಶುಕ್ರವಾರ ರಜೆ ಎಂದಿದೆ. ಅರಮನೆಗೆ ರಜೆ ಮಂಗಳವಾರ, ಬಜಾರಿಗೆ ಭಾನುವಾರ. ಫ್ಯಾಕ್ಸಿನಲ್ಲಿ ಪಟ್ಟಿಯ ಮೇಲಿನ ಸಾಲು ಕತ್ತರಿಸಿಹೋಗಿತ್ತು. ತಪ್ಪು ಸಂಪಾದಿಸಿದವನದು."

ಟೀಚರ್ ಓದಿದರು. ಚೀಲದಿಂದ ಕೆಂಪು ಪೆನ್ನು ತೆಗೆದು ಫ್ಯಾಕ್ಸಿನ ವಾಕ್ಯವನ್ನು ಹೊಡೆದು ಹಾಕಿದರು.

"ನಿಜವೇ. ಆದ್ರೆ ಅದು ಬೇಕಾಗಿಲ್ಲ," ಎಂದರು. "ಈಗ ಎದ್ದು ಓದಿ."

ಓದಿದೆ. ಬಸ್ಸಿನಲ್ಲಿ ಯಾರೂ ಗೊಣಗಲಿಲ್ಲ. ಹಿಂದಿನ ಸೀಟಿನಿಂದ ಲೆಕ್ಕಪತ್ರದವರು, "ಪರವಾಗಿಲ್ಲ ಸರ್, ನಮ್ಮ ಮನೆಯಲ್ಲೂ ವಾರ ಶನಿವಾರವೇ ಶುರು," ಎಂದರು. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು. ಟೀಚರ್ ಮಾತ್ರ, ನಾನು ಮೊದಲೇ ಸರಿಯಾಗಿ ಹಾಕಿದ್ದೆ ಎಂಬ ಮಾತನ್ನು ಅಂದೂ ಆಡಲಿಲ್ಲ, ಮುಂದೆ ಎಂದೂ ಆಡಲಿಲ್ಲ.

ಅರಮನೆ ಮತ್ತೆ ಭಾನುವಾರಕ್ಕೆ ಹೋಯಿತು. ಆದರೆ ಬೆಳಗಿನ ವಿಮಾನವನ್ನು ನಾನೇ ಬಿಡಿಸಿದ್ದೆ. ಮಧ್ಯಾಹ್ನದ ವಿಮಾನ ಹನ್ನೆರಡೂ ಮುಕ್ಕಾಲಿಗೆ ಇಳಿಯುತ್ತದೆ, ಮಸ್ಕತ್ ಕಡೆಯ ವಿಮಾನ ಆರೂವರೆಗೆ. ನಡುವಿನ ಹೊತ್ತಿನಲ್ಲಿ ಅರಮನೆಗೆ ಹೋಗಿಬರಬೇಕು. ಗೈಡ್ ಬೆಳಗಿನ ವಿಮಾನಕ್ಕೆ ಮತ್ತೆ ಪ್ರಯತ್ನಿಸುವುದಾಗಿ ಹೇಳಿ ಆ ಕ್ಷಣದಿಂದಲೇ ಫೋನು ಹಿಡಿದರು.

ಆ ದಿನ ಹಾಗಿಯಾ ಸೋಫಿಯಾದಲ್ಲಿ ಇನ್ನೊಂದು ಸಂಗತಿ ನಡೆಯಿತು. ಗುಮ್ಮಟದಡಿ ಸ್ಟೂಲಿನ ಮೇಲೆ ಕೂತು ಟೀಚರ್ ಕನ್ನಡದಲ್ಲಿ ವಿವರಿಸತೊಡಗಿದೊಡನೆ ಕಾವಲುಗಾರ ಬಂದು ತಡೆದ. ತುರ್ಕಿಯ ಮ್ಯೂಸಿಯಮ್ಮುಗಳಲ್ಲಿ ಪರವಾನಗಿ ಇದ್ದವರಷ್ಟೇ ತಂಡಕ್ಕೆ ವಿವರಿಸಬಹುದು. ಟೀಚರ್ ಮಾತು ನಿಲ್ಲಿಸಿ ಕ್ಷಮೆ ಕೇಳಿದರು. ಉಳಿದದ್ದನ್ನು ಗೈಡ್ ಹೇಳಿದರು, ಬಹಳ ಚೆನ್ನಾಗಿ ಹೇಳಿದರು. ಕಂಬದ ಬಣ್ಣ ಬದಲಾದ ಕಡೆ ಕೈಯಿಟ್ಟು, ಈ ಕಲ್ಲು ಇನ್ನೊಂದು ಗುಡಿಯಿಂದ ಬಂದದ್ದು, ಆ ಗುಡಿಯ ಹೆಸರು ಮಾತ್ರ ನನ್ನನ್ನು ಕೇಳಬೇಡಿ, ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ ಎಂದರು. ಟೀಚರ್ ನನ್ನತ್ತ ತಿರುಗಿ, "ಇವರು ನಮ್ಮೋರು ಕಣ್ರೀ," ಎಂದರು.

ಬುಧವಾರದಿಂದ ಬಸ್ಸಿನಲ್ಲಿ ಕತೆ ನಡೆಯಿತು. ಅಂಕಾರಾ ದಾಟುವಾಗ ಲೆಕ್ಕಪತ್ರದವರು ತದಡಿಯಲ್ಲಿ ಹಡಗು ತುಂಬಿಸಿದರು. ಕಪ್ಪದೋಕ್ಯದ ಕಲ್ಲಿನ ಗೋಪುರಗಳ ನಡುವೆ ಬ್ಯಾಂಕಿನವರ ಹೆಂಡತಿ ಬಸ್ರಾದ ಬಿರುಗಾಳಿಯಲ್ಲಿ ಒಂದು ಹಡಗು ಕಳೆದರು. ಅವರು ಕಾಗದ ನೋಡಲಿಲ್ಲ. ಕೋನ್ಯಾದ ಬಯಲಿನಲ್ಲಿ ರುಸೈಲಿನವರ ಸರದಿ. ನಗೆಚಾಟಿಕೆ ಬರಬಹುದೆಂದು ಎಲ್ಲರೂ ಕಾದಿದ್ದೆವು. ಅವರು ಎದ್ದು ನಿಂತು, ಬಾಗ್ದಾದ್ ತಲುಪುವ ಹೊತ್ತಿಗೆ ನಿಯೋಗದಲ್ಲಿ ಕಾಯಿಲೆಯಿಂದ ಸತ್ತವರ ಬಗ್ಗೆ ಹೇಳಿದರು. ಅಡುಗೆಯವರು, ಕುದುರೆ ನೋಡುವವರು, ಹೊರೆ ಹೊರುವವರು. "ಇವರ ಹೆಸರು ಯಾರೂ ಬರೆದಿಡ್ಲಿಲ್ಲ. ಊರಲ್ಲಿ ಕಾಯ್ತಾ ಇದ್ದವರಿಗೆ ಯಾರು ಹೋಗಿ ಹೇಳಿದ್ದೋ, ನನಗೆ ಗೊತ್ತಿಲ್ಲ," ಎಂದು ಹೇಳಿ ಕೂತರು.

ಗೈಡ್ ನನ್ನ ಪಕ್ಕಕ್ಕೆ ಬಂದು ಕೂತು, ಇವರೆಲ್ಲ ದಿನವೂ ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿ, ನಿಮ್ಮ ಕತೆ ಮುಗಿಯುವುದು ನನ್ನ ಊರಿನಲ್ಲಿ, ಇಪ್ಪತ್ತೈದು ವರ್ಷದಿಂದ ಅದೇ ಬಾಗಿಲನ್ನು ಜನರಿಗೆ ತೋರಿಸುತ್ತ ಬಂದಿದ್ದೇನೆ, ಒಮ್ಮೆಯೂ ಯಾರೂ ಇದನ್ನು ನನಗೆ ಹೇಳಿರಲಿಲ್ಲ ಎಂದರು. ಮರುದಿನದಿಂದ ಬಸ್ಸಿನ ಮೈಕನ್ನು ಅವರೇ ಒರೆಸಿ ಕತೆ ಹೇಳುವವರ ಕೈಗೆ ಕೊಡತೊಡಗಿದರು.

ಶನಿವಾರ ಸಂಜೆ ಇಜ್ಮಿರಿನ ಹೋಟೆಲಿನಲ್ಲಿ ಅವರು ಸುದ್ದಿ ತಂದರು. ಬೆಳಗಿನ ವಿಮಾನದಲ್ಲಿ ಸಿಕ್ಕಿರುವುದು ಒಂದೇ ಸೀಟು. ಟೀಚರ್ ಒಬ್ಬರೇ ಮುಂಚೆ ಹೋಗಿ, ಇಸ್ತಾಂಬುಲಿನಲ್ಲಿ ತಮ್ಮ ಗೆಳೆಯ ಗೈಡೊಬ್ಬರ ಜೊತೆ ಅರಮನೆಯನ್ನು ನಿಧಾನವಾಗಿ ನೋಡಬಹುದು. ಉಳಿದವರು ನೇರ ಏರ್‌ಪೋರ್ಟಿನಲ್ಲಿ ಸೇರಿಕೊಳ್ಳಲಿ.

ನಾನು ಕೈಮುಗಿದು ಹೋಗಿ ಎಂದೆ. ಅದು ನನ್ನ ತಪ್ಪಿನಿಂದ ನಾನು ಪಾರಾಗುವ ದಾರಿಯೂ ಆಗಿತ್ತು.

"ಕೇಳೋರಿಲ್ಲದೆ ಅಲ್ಲಿ ಹೋಗಿ ಯಾರಿಗೆ ಹೇಳಲಿ?" ಎಂದರು ಟೀಚರ್. "ಇವರೆಲ್ಲ ತಮ್ಮ ತಮ್ಮ ತುಂಡು ಹೇಳಿದ್ದಾರೆ. ನನ್ನದು ಕೇಳಬೇಕಾದವರು ಇವರೇ. ಎಲ್ಲರೂ ಹೋಗೋದಾದ್ರೆ ಹೋಗೋಣ, ಇಲ್ದಿದ್ರೆ ಬಜಾರಿನ ಬೀಗ ನೋಡ್ಕೊಂಡು ವಾಪಸ್ ಹೋಗೋಣ."

ಆಗ ನಾನು ನನಗೆ ಗೊತ್ತಿರುವ ಒಂದೇ ವಿದ್ಯೆಯನ್ನು ಹೊರತೆಗೆದೆ. ಪತ್ರಿಕೆಯಲ್ಲಿ ಪುಟ ಮುಗಿಸುವ ಲೆಕ್ಕ ಕೊನೆಯಿಂದ ಹಿಂದಕ್ಕೆ ನಡೆಯುತ್ತದೆ. ಅಚ್ಚಿನ ಯಂತ್ರ ಶುರುವಾಗುವ ನಿಮಿಷವನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬರಬೇಕು. ಆರೂವರೆಗೆ ವಿಮಾನ. ನಾಲ್ಕೂವರೆಗೆ ಕೌಂಟರಿನಲ್ಲಿರಬೇಕು. ಮೂರು ನಲವತ್ತಕ್ಕೆ ಬಸ್ಸು ಅರಮನೆ ಬಿಡಬೇಕು. ಅದಕ್ಕೂ ಹಿಂದೆ ಟೀಚರ್ ನಡಿಗೆಯ ವೇಗ, ಟಿಕೆಟ್ಟಿನ ಸಾಲು, ಒಂದು ಅಂಗಳದಿಂದ ಇನ್ನೊಂದಕ್ಕೆ ಇರುವ ದೂರ. ಗೈಡ್ ದೂರವನ್ನು ಹೆಜ್ಜೆಗಳಲ್ಲಿ ಹೇಳುತ್ತಿದ್ದರು, ನಾನು ನಿಮಿಷ ಮಾಡುತ್ತಿದ್ದೆ. ವಿಮಾನ ವೇಳೆಗೆ ಬಂದರೆ ಅರಮನೆಯನ್ನು ಅರೆಬರೆಯಾದರೂ ನೋಡಬಹುದು ಎಂದು ತೇಲಿತು.

ವಿಮಾನ ವೇಳೆಗೆ ಬರಲಿಲ್ಲ. ಇಸ್ತಾಂಬುಲಿನಲ್ಲಿ ಇಳಿದಾಗ ಒಂದು ಮೂವತ್ತೈದು. ಸಾಮಾನು ಕೈಗೆ ಸಿಕ್ಕಾಗ ಎರಡು. ಬಸ್ಸಿನಲ್ಲಿ ನಿಂತು ಹೊಸ ಲೆಕ್ಕ ಓದಿ ಹೇಳಿದೆ. ಅಹವಾಲು ಕೋಣೆಯ ಬಾಗಿಲಲ್ಲಿ ಹನ್ನೆರಡು ನಿಮಿಷ ಸಿಗುತ್ತದೆ. ಖಜಾನೆ ಇಲ್ಲ, ಅಂತಃಪುರ ಇಲ್ಲ, ಬೇರೇನೂ ಇಲ್ಲ. ಖಜಾನೆ ನೋಡಲೇಬೇಕೆನ್ನುವವರಿದ್ದರೆ ಈಗಲೇ ಹೇಳಬೇಕು ಎಂದೆ.

ಅಲ್ಲಿನ ದೊಡ್ಡ ವಜ್ರವನ್ನು ನೋಡುವ ಮಾತನ್ನು ತಂಡದಲ್ಲಿದ್ದ ರುಸೈಲಿನವರ ಹೆಂಡತಿ ಮಸ್ಕತ್ತಿನಿಂದಲೂ ಆಡುತ್ತಿದ್ದರು. ಎಲ್ಲರೂ ಅವರ ಮುಖ ನೋಡಿದರು.

"ನೋಡಿದ್ರೆ ಇವರು ತೆಗೆದು ಕೊಡ್ತಾರಾ?" ಎಂದರು ಅವರು, ಗಂಡನತ್ತ ಕಣ್ಣು ಹಾಯಿಸಿ. "ಬಾಗಿಲಿಗೇ ಹೋಗುವ."

ಟಿಕೆಟ್ಟಿಗಾಗಿ ಗೈಡ್ ಮುಂದೆ ಓಡಿದರು. ಎರಡು ನಲವತ್ತೈದಕ್ಕೆ ಬಸ್ಸಿಳಿದು ನಡೆದೆವು. ಟೀಚರ್ ಎಡಗೈ ರುಸೈಲಿನವರ ಹೆಂಡತಿಯ ಭುಜದ ಮೇಲೆ. ಎರಡನೆಯ ಅಂಗಳದ ಉದ್ದನೆಯ ದಾರಿಯಲ್ಲಿ ಬಿಸಿಲಿತ್ತು, ಅವರು ಎಲ್ಲಿಯೂ ನಿಲ್ಲಲಿಲ್ಲ. ಮೂರು ಹತ್ತಕ್ಕೆ ಮೂರನೆಯ ಬಾಗಿಲು. ಅದನ್ನು ದಾಟಿದರೆ ಎದುರಿಗೇ ಅಗಲ ಸೂರಿನ, ಕಂಬಸಾಲಿನ ಪುಟ್ಟ ಕಟ್ಟಡ. ಅದೇ ಅಹವಾಲು ಕೋಣೆ. ಬಾಗಿಲ ಪಕ್ಕದ ಗೋಡೆಯಲ್ಲೊಂದು ಕಾರಂಜಿ. ಒಳಗಿನ ಮಾತು ಹೊರಗೆ ಕೇಳದಿರಲೆಂದು ಆಗ ನೀರು ಬಿಡುತ್ತಿದ್ದರಂತೆ.

ಜನಜಂಗುಳಿಯಲ್ಲಿ ಕೈಚೀಲಗಳು ಅಡ್ಡವಾಗುತ್ತಿದ್ದವು. ಎಲ್ಲರ ಚೀಲ, ಪಾಸ್‌ಪೋರ್ಟುಗಳ ಕಟ್ಟು ಕಾಯಲು, ಗಡಿಯಾರ ನೋಡಲು ಒಬ್ಬರು ಬೇಕಿತ್ತು. ನಾನು ಮೂರನೆಯ ಬಾಗಿಲ ಕೆಳಗೆ ಉಳಿದೆ. ಉಳಿದವರು ಕಂಬಸಾಲಿನಡಿ ಟೀಚರನ್ನು ಸುತ್ತುಗಟ್ಟಿದರು. ಕಾವಲುಗಾರ ಇತ್ತ ನಡೆದು ಬಂದ. ಗೈಡ್ ಬ್ಯಾಡ್ಜನ್ನು ಎದೆಯ ಮೇಲೆ ಸರಿಪಡಿಸಿಕೊಂಡು, ಟೀಚರ್ ಪಕ್ಕಕ್ಕೆ ಹೋಗಿ ನಿಂತು, ಆತನಿಗೆ ತುರ್ಕಿಯಲ್ಲಿ ಎರಡು ಮಾತು ಹೇಳಿದರು. ಏನೆಂದು ಆಮೇಲೆ ಕೇಳಿದೆ. ಈ ತಂಡದ ಗೈಡ್ ನಾನೇ, ಈ ಜಾಗದ ವಿವರಣೆಯನ್ನು ನಾನು ಇವರಿಂದ ಕೇಳಿ ಕಲಿಯುತ್ತಿದ್ದೇನೆ ಎಂದರಂತೆ. ಕಾವಲುಗಾರ ಹಿಂದಕ್ಕೆ ಸರಿದ.

ನನಗೆ ಕಂಡದ್ದು ಬೆನ್ನುಗಳು ಮಾತ್ರ. ಪಕ್ಕದಲ್ಲಿ ಬೇರೆ ಮೂರು ತಂಡಗಳು ಮೂರು ಭಾಷೆಗಳಲ್ಲಿ ವಿವರಣೆ ಕೇಳುತ್ತಿದ್ದವು. ಟೀಚರ್ ದನಿಯ ಒಂದು ಪದವೂ ನನ್ನವರೆಗೆ ಬರಲಿಲ್ಲ. ನನ್ನ ನೋಟ್‌ಬುಕ್ಕಿನ ಆ ಪುಟದಲ್ಲಿ ಎರಡೇ ನಮೂದುಗಳಿವೆ: ಶುರು ೩.೧೧, ಮುಗಿದದ್ದು ೩.೨೨.

ಮೂರು ಮೂವತ್ತೊಂಬತ್ತಕ್ಕೆ ಬಸ್ಸು ಹೊರಟಿತು. ಏರ್‌ಪೋರ್ಟಿನಲ್ಲಿ ಗೈಡ್ ಎಲ್ಲರ ಕೈಕುಲುಕಿದರು. ಟೀಚರ್ ಕೆಂಪು ದಾರದ ನಕ್ಷೆಯನ್ನು ಮಡಚಿ ಅವರಿಗೆ ಕೊಟ್ಟರು. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಮುಟ್ಟಿಸಿದರು.

ಸೀಬ್ ತಲುಪಿದ ಮೇಲೆ, ಸಾಮಾನಿಗೆ ಕಾಯುತ್ತ ನಾನು ಟೀಚರ್ ಬಳಿ ನಿಂತು ನೋಟ್‌ಬುಕ್ ತೆರೆದೆ. ಆ ಬಾಗಿಲಲ್ಲಿ ನೀವು ಹೇಳಿದ್ದನ್ನು ಲೇಖನಕ್ಕಾಗಿ ಇನ್ನೊಮ್ಮೆ ಹೇಳಿ ಎಂದೆ.

"ನೀವು ಎಷ್ಟು ನಿಮಿಷ ಕೊಟ್ಟಿದ್ರಿ?"

"ಹನ್ನೆರಡು."

"ಎಷ್ಟು ತಗೊಂಡೆ?"

"ಹನ್ನೊಂದು."

"ಅಷ್ಟು ಬರೀರಿ. ಉಳಿದದ್ದು ಕೇಳಿದವರ ಹತ್ರ ಇದೆ. ಅವರನ್ನ ಕೇಳಿ ಬರ್ಕೊಳ್ಳಿ. ನಿಮ್ಮ ಕೆಲಸ ಅದೇ ತಾನೆ?"

ಕೊನೆಯವರೆಗೂ ಮನೆಪಾಠ ಕೊಡುವವರು. ನಾನು ಎರಡು ವಾರ ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗಿ ಕೇಳಿದೆ. ಒಬ್ಬರು, ರಾಯಭಾರಿಗಳು ತಂದ ಪತ್ರದ ಬಗ್ಗೆ ಹೇಳಿದರು ಎಂದರು. ಇನ್ನೊಬ್ಬರು, ಪತ್ರದ ಮಾತೇ ಬರಲಿಲ್ಲ, ಮರಳಿ ಬಾರದವರ ಬಗ್ಗೆ ಹೇಳಿದರು ಎಂದರು. ಲೆಕ್ಕಪತ್ರದವರು ಅರ್ಧ ಹೇಳಿ ಕನ್ನಡಕ ಒರೆಸಿಕೊಂಡರು. ಸುದ್ದಿಯ ಕೆಲಸದಲ್ಲಿ ಇಂಥದ್ದು ಹೊಸದಲ್ಲ. ಒಂದೇ ಘಟನೆಗೆ ಹದಿನಾರು ಸಾಕ್ಷಿಗಳಿದ್ದರೆ ಹದಿನಾರು ವರದಿಗಳಿರುತ್ತವೆ. ಎಲ್ಲ ಹೊಂದುವ ಅಂಶವಷ್ಟನ್ನೇ ಪತ್ರಿಕೆಗೆ ಬರೆಯಬೇಕು. ಅಂಥ ಒಂದೇ ಒಂದು ಅಂಶ ಸಿಕ್ಕಿತು. ಅದನ್ನು ಮೊದಲು ಹೇಳಿದವರು ರುಸೈಲಿನವರು, ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಚಹಾ ಆರಲು ಬಿಟ್ಟು.

"ನಾನು ಸ್ಟೂಲು ಬಿಡಿಸಿ ಹಿಂದೆ ಇಟ್ಟೆ ಸರ್. ಕೂತ್ಕೊಳ್ಳಿ ಮೇಡಂ ಅಂತ ಎರಡು ಸಲ ಹೇಳಿದೆ. ಹನ್ನೊಂದು ನಿಮಿಷವೂ ನಿಂತೇ ಇದ್ರು."